ಎಷ್ಟು ವಾರ? ಮಲೆನಾಡಿನಿಂದ ನೋಡಿದಾಗ ಗರ್ಭಪಾತದ ಕಾನೂನು

ಗರ್ಭಪಾತದ ಮಾತು ಬಂದಾಗಲೆಲ್ಲ ವಾದ ಒಂದೇ ಕಡೆ ಸಿಕ್ಕಿಕೊಳ್ಳುತ್ತದೆ: ಅದು ಹೆಣ್ಣಿನ ಹಕ್ಕೋ, ಪಾಪವೋ? ನಮ್ಮ ದೇಶದ ಕಾನೂನು ಇವೆರಡರಲ್ಲಿ ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಕೇಳುವುದು ಬೇರೆಯದೇ ಪ್ರಶ್ನೆ, ಎಷ್ಟು ವಾರವಾಗಿದೆ? 9, 20, 24 ಎಂಬ ಅಂಕಿಗಳ ಮೇಲೆ ಇಡೀ ಕಾನೂನು ನಿಂತಿದೆ. ಬೆಂಗಳೂರಿನ ಹೆಣ್ಣುಮಗಳಿಗೂ ಹೊಸನಗರದ ಒಳಹಳ್ಳಿಯವಳಿಗೂ ಅಂಕಿ ಒಂದೇ. ಆದರೆ ಮಳೆ, ದೂರ, ಸುಗ್ಗಿ, ಸಂಕೋಚ ಎಲ್ಲ ಸೇರಿ ಇಲ್ಲಿ ವಾರಗಳನ್ನು ಬೇಗ ತಿಂದುಹಾಕುತ್ತವೆ. ಆದ್ದರಿಂದ ಹಕ್ಕು ಮತ್ತು ನೀತಿಯ ಚರ್ಚೆಗೆ ಇಳಿಯುವ ಮೊದಲು ಲೆಕ್ಕ ಗೊತ್ತಿರಬೇಕು.

ವಾರವನ್ನು ಎಣಿಸುವುದು ಗಂಡ-ಹೆಂಡತಿ ಕೂಡಿದ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೊಮ್ಮೆ ಸರಿಯಾಗಿ ಮುಟ್ಟಾಗುವವಳಿಗೂ 'ಈ ಸಲ ತಪ್ಪಿತು' ಎಂದು ಗೊತ್ತಾಗುವ ಹೊತ್ತಿಗೆ ಕಾನೂನಿನ ಲೆಕ್ಕದಲ್ಲಿ 4 ವಾರ ಮುಗಿದಿರುತ್ತದೆ. 'ಮುಂದಿನ ತಿಂಗಳು ನೋಡೋಣ' ಎಂದರೆ 8. ನವೆಂಬರ್ 1ಕ್ಕೆ ಮುಟ್ಟಾದವಳೊಬ್ಬಳು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದುಕೊಳ್ಳಿ. ಸುಗ್ಗಿಯಲ್ಲಿ ಒಂದು ದಿನ ಬಿಟ್ಟರೂ ಕೂಲಿ ಹೋಯಿತು. ಸಂಕ್ರಾಂತಿ ಹತ್ತಿರ ಬಂದಾಗ, ಜನವರಿ 10ಕ್ಕೆ ಆಸ್ಪತ್ರೆಗೆ ಹೋದರೆ ಅವಳದು ಸರಿಯಾಗಿ 10 ವಾರ. ಮನೆಯಲ್ಲಿ ಮಾತ್ರೆಯಿಂದ ಮುಗಿಯಬಹುದಾಗಿದ್ದ ಕೆಲಸಕ್ಕಿರುವ 9 ವಾರದ ಗಡುವು 7 ದಿನದ ಹಿಂದೆಯೇ ದಾಟಿತು. ಮೂತ್ರ ಪರೀಕ್ಷೆಯ ಪಟ್ಟಿ ಆಶಾ ಕಾರ್ಯಕರ್ತೆಯರ ಚೀಲದಲ್ಲಿ 'ನಿಶ್ಚಯ್' ಹೆಸರಿನಲ್ಲಿ ಪುಕ್ಕಟೆ ಇರುತ್ತದೆ. ಮುಟ್ಟು ತಪ್ಪಿದ ವಾರದಲ್ಲೇ ಬೆಳಗಿನ ಮೊದಲ ಮೂತ್ರದಲ್ಲಿ ನೋಡಿದರೆ ಸಾಕು. ಆದರೆ ಆಶಾ ಅದೇ ಕೇರಿಯವಳು. ಅವಳನ್ನು ಕೇಳಿದರೆ ಊರಿಗೆಲ್ಲ ಗೊತ್ತಾದೀತು ಎಂಬ ಅಳುಕಿನಲ್ಲಿ ಇನ್ನೊಂದು ವಾರ ಹೋಗುತ್ತದೆ.

ಬಾಣಂತನದಲ್ಲಿ ಲೆಕ್ಕ ಇನ್ನೂ ಕೈಕೊಡುತ್ತದೆ. ಹಾಲುಣಿಸುವಾಗ ಬಸಿರಾಗುವುದಿಲ್ಲ ಎಂದು ನಂಬಿದವರು ಬಹಳ. ಅದು ನಿಜವಾಗಬೇಕಾದರೆ ಮೂರು ಷರತ್ತು ಒಟ್ಟಿಗೆ ಕೂಡಿಬರಬೇಕು: ಮಗುವಿಗೆ 6 ತಿಂಗಳು ದಾಟಿರಬಾರದು, ಹಗಲು-ರಾತ್ರಿ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿರಬಾರದು, ಮುಟ್ಟು ಮತ್ತೆ ಶುರುವಾಗಿರಬಾರದು. ಒಂದು ತಪ್ಪಿದರೂ ರಕ್ಷಣೆ ಇಲ್ಲ. ಮುಟ್ಟೇ ಬರದಿದ್ದರೆ ತಪ್ಪಿದ್ದು ಗೊತ್ತಾಗುವುದಾದರೂ ಹೇಗೆ?

ಇನ್ನು ಕಾನೂನು. ಗರ್ಭಪಾತ ಮಾಡಿಸುವುದು 1860ರ ದಂಡ ಸಂಹಿತೆಯ 312ನೇ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೇ ಕಲಮಿನಲ್ಲಿ ಈಗಲೂ ಅಪರಾಧವೇ. ಶಿಕ್ಷೆ 3 ವರ್ಷದವರೆಗೆ, ಹೊಟ್ಟೆಯಲ್ಲಿ ಕೂಸು ಮಿಸುಕಾಡುವ ಹಂತ ದಾಟಿದ್ದರೆ 7 ವರ್ಷದವರೆಗೆ. ತಾನಾಗಿ ಮಾಡಿಕೊಂಡ ಹೆಂಗಸೂ ಆ ಕಲಮಿನೊಳಗೇ ಬರುತ್ತಾಳೆ. 1964ರಲ್ಲಿ ನೇಮಕವಾದ ಶಾಂತಿಲಾಲ್ ಶಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ ಬಂತು. ಅದೇ ಎಲ್ಲರ ಬಾಯಲ್ಲಿರುವ ಎಂಟಿಪಿ. ಅದು ಅಪರಾಧವನ್ನು ತೆಗೆದುಹಾಕಲಿಲ್ಲ, ಅದರೊಳಗೆ ಒಂದು ಬಾಗಿಲು ಮಾಡಿತು. ಕಾಯ್ದೆಯ 3ನೇ ಕಲಮನ್ನು ಓದಿ ನೋಡಿ: ಇಂತಿಂಥ ಸಂದರ್ಭದಲ್ಲಿ ಗರ್ಭ ತೆಗೆದ ನೋಂದಾಯಿತ ವೈದ್ಯ ಅಪರಾಧಿಯಲ್ಲ ಎನ್ನುತ್ತದೆಯೇ ಹೊರತು, ಹೆಣ್ಣು ಕೇಳಿದರೆ ಕೊಡತಕ್ಕದ್ದು ಎನ್ನುವುದಿಲ್ಲ. ರಕ್ಷಣೆ ಸಿಕ್ಕಿದ್ದು ವೈದ್ಯರಿಗೆ. ಐವತ್ತು ವರ್ಷದ ನಂತರವೂ ಹೆಂಗಸು ಆಸ್ಪತ್ರೆಯ ಕಟ್ಟೆಯ ಮೇಲೆ ಕಾಯುತ್ತಾ ಕೂರಬೇಕಾಗಿ ಬರುವುದರ ಮೂಲ ಈ ವಾಕ್ಯರಚನೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

2021ರ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ತಾಯಿಯ ಜೀವಕ್ಕೆ ಅಪಾಯ, ದೇಹ ಅಥವಾ ಮನಸ್ಸಿನ ಆರೋಗ್ಯಕ್ಕೆ ಗಂಭೀರ ಹಾನಿ, ಮಗುವಿಗೆ ಗಂಭೀರ ನ್ಯೂನತೆ, ಇವು ಕಾರಣಗಳು. ಗರ್ಭನಿರೋಧಕ ವಿಫಲವಾದರೆ ಅದರಿಂದಾಗುವ ಸಂಕಟವನ್ನೇ ಮನಸ್ಸಿನ ಆರೋಗ್ಯಕ್ಕಾದ ಗಂಭೀರ ಹಾನಿ ಎಂದು ಭಾವಿಸಬೇಕು. ಮೊದಲು ಇಲ್ಲಿ 'ವಿವಾಹಿತೆ ಅಥವಾ ಆಕೆಯ ಪತಿ' ಎಂದಿತ್ತು, ಈಗ 'ಯಾವುದೇ ಮಹಿಳೆ ಅಥವಾ ಆಕೆಯ ಸಂಗಾತಿ' ಎಂದಾಗಿದೆ. ಮದುವೆಯಾಗದವಳಿಗೆ 'ನಿಮಗೆ ಮಾಡಲು ಬರುವುದಿಲ್ಲ' ಎಂದು ಯಾರಾದರೂ ಹೇಳಿದರೆ ಅದು ಕಾನೂನಿನ ಮಾತಲ್ಲ.

20 ದಾಟಿ 24ರವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು, ಜೊತೆಗೆ ನಿಯಮದಲ್ಲಿ ಹೇಳಿದ ವರ್ಗದೊಳಗೆ ಬರಬೇಕು: ಅತ್ಯಾಚಾರಕ್ಕೋ ರಕ್ತಸಂಬಂಧಿಯ ದೌರ್ಜನ್ಯಕ್ಕೋ ಒಳಗಾದವರು, 18 ತುಂಬದವರು, ಬಸಿರಿದ್ದಾಗಲೇ ಗಂಡ ಸತ್ತವರು ಅಥವಾ ವಿಚ್ಛೇದನವಾದವರು, ತೀವ್ರ ಅಂಗವೈಕಲ್ಯವಿರುವವರು, ಮಾನಸಿಕ ಕಾಯಿಲೆಯವರು, ಮಗುವಿಗೆ ಗಂಭೀರ ನ್ಯೂನತೆ ಕಂಡವರು, ವಿಪತ್ತು-ತುರ್ತು ಪರಿಸ್ಥಿತಿಯಲ್ಲಿ ಸಿಲುಕಿದವರು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ಪಟ್ಟಿಯನ್ನು ಅಗಲಿಸಿ ಓದಿತು. ಅವಿವಾಹಿತೆಯನ್ನು ಹೊರಗಿಡುವಂತಿಲ್ಲ, ಈ ಕಾಯ್ದೆಯ ಮಟ್ಟಿಗೆ ಗಂಡನ ಬಲಾತ್ಕಾರವೂ ಅತ್ಯಾಚಾರವೇ ಎಂದಿತು. ಆ ಪೀಠದಲ್ಲಿ ಕೊಡಗಿನ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಇದ್ದರು. ಹೆಣ್ಣಿನ ದೇಹದ ತೀರ್ಮಾನ ಸಂವಿಧಾನದ 21ನೇ ವಿಧಿಯ ಸ್ವಾತಂತ್ರ್ಯದ ಭಾಗ ಎಂದು ಕೋರ್ಟು 2009ರಲ್ಲೇ ಹೇಳಿತ್ತು. ಅದಕ್ಕೆ ಬಲ ಬಂದದ್ದು 2017ರ ಖಾಸಗಿತನದ ತೀರ್ಪಿನಿಂದ. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

24 ದಾಟಿದ ಮೇಲೆ ಒಂದೇ ದಾರಿ, ವೈದ್ಯಕೀಯ ಮಂಡಳಿ. ಅದೂ ಮಗುವಿಗೆ ಗಣನೀಯ ನ್ಯೂನತೆ ಇದ್ದರೆ ಮಾತ್ರ. ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ಸ್ಕ್ಯಾನಿಂಗ್ ತಜ್ಞರು ಇರುವ ಈ ಮಂಡಳಿ ಕೋರಿಕೆ ಬಂದ 3 ದಿನದೊಳಗೆ ಅಭಿಪ್ರಾಯ ಕೊಡಬೇಕು, ಒಪ್ಪಿದರೆ ಕೋರಿಕೆ ಬಂದ 5 ದಿನದೊಳಗೆ ಗರ್ಭಪಾತ ಆಗುವಂತೆ ನೋಡಿಕೊಳ್ಳಬೇಕು. ಅತ್ಯಾಚಾರದಿಂದ ಬಸಿರಾದವಳೂ 24 ದಾಟಿದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು. ತಾಯಿಯ ಪ್ರಾಣ ಉಳಿಸಲು ತಕ್ಷಣ ಮಾಡಲೇಬೇಕಾದರೆ ಮಾತ್ರ 5ನೇ ಕಲಮಿನಡಿ ವಾರದ ಮಿತಿಯೂ ಇಲ್ಲ, ಎರಡನೇ ವೈದ್ಯರ ಅಭಿಪ್ರಾಯವೂ ಬೇಕಿಲ್ಲ.

ಈ ಕೊನೆಯ ವಿನಾಯಿತಿ ಕಾನೂನಿನಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡನಾಡಿನವರಿಗೆ ಬೇರೆ ಉದಾಹರಣೆ ಬೇಡ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲ ಎಂದು ಖಚಿತವಾಗಿತ್ತು, ತೆಗೆಯಿರಿ ಎಂದು ಅವರೇ ಕೇಳಿದ್ದರು. ಭ್ರೂಣದ ಎದೆಬಡಿತ ಇನ್ನೂ ಇದೆ ಎಂದು ಕಾಯಿಸಿದರು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿತ್ತು. ಗರ್ಭಕ್ಕೂ ತಾಯಿಗೂ ಸಮಾನ ಜೀವಿಸುವ ಹಕ್ಕು ಎಂದಿದ್ದ ಅಲ್ಲಿನ ಸಂವಿಧಾನದ 8ನೇ ತಿದ್ದುಪಡಿಯನ್ನು 2018ರ ಮೇ 25ರ ಜನಮತದಲ್ಲಿ ಶೇ 66.4ರಷ್ಟು ಮಂದಿ ತೆಗೆದುಹಾಕಿದರು. ಅಮೆರಿಕ 2022ರ ಜೂನ್ 24ರಂದು ಹಿಂದಕ್ಕೆ ಹೋಯಿತು, 1973ರಿಂದ ಇದ್ದ ರಕ್ಷಣೆಯನ್ನು ಅಲ್ಲಿನ ಸುಪ್ರೀಂ ಕೋರ್ಟೇ ಕಿತ್ತುಹಾಕಿತು. ನಮ್ಮ ಟಿವಿಗಳು ಆ ಜಗಳದ ಮಾತುಗಳನ್ನೇ ಎರವಲು ತಂದು ಇಲ್ಲಿ ಕಿರುಚಿಸಿದವು. ಇಲ್ಲಿನ ಜಗಳವೇ ಬೇರೆ.

ಇಲ್ಲಿ ಏನಾಗುತ್ತದೆಂದರೆ, ಕಾನೂನು ಇದ್ದೂ ಜನ ಅದರ ಹೊರಗೆ ಹೋಗುತ್ತಾರೆ. 2015ರಲ್ಲಿ ಭಾರತದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅದರಲ್ಲಿ ಶೇ 73ರಷ್ಟು ಯಾವ ಆಸ್ಪತ್ರೆಯನ್ನೂ ಮುಟ್ಟದೆ ಮಾತ್ರೆಯಿಂದಲೇ ನಡೆದವು ಎಂಬುದು ಆ ಬಗ್ಗೆ ನಡೆದ ದೊಡ್ಡ ಅಧ್ಯಯನದ ಅಂದಾಜು. 'ಕಿಟ್' ಎಂದು ಔಷಧಿ ಅಂಗಡಿಯಲ್ಲಿ ಕರೆಯುವುದು ಇದನ್ನೇ. ಒಂದು ಪಟ್ಟಿಯಲ್ಲಿ 200 ಮಿಲಿಗ್ರಾಂನ ಮೈಫೆಪ್ರಿಸ್ಟೋನ್ ಮಾತ್ರೆ ಒಂದು, 200 ಮೈಕ್ರೋಗ್ರಾಂನ ಮಿಸೊಪ್ರೊಸ್ಟಾಲ್ ನಾಲ್ಕು. ಮೊದಲನೆಯದು ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟೆರಾನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಒಂದೂವರೆ-ಎರಡು ದಿನ ಬಿಟ್ಟು ತೆಗೆದುಕೊಳ್ಳುವ ಎರಡನೆಯದು ಗರ್ಭಕೋಶವನ್ನು ಕುಗ್ಗಿಸಿ ಹೊರಹಾಕುತ್ತದೆ. 9 ವಾರದೊಳಗೆ ಸರಿಯಾಗಿ ಕೊಟ್ಟರೆ 100ರಲ್ಲಿ 95ಕ್ಕೂ ಹೆಚ್ಚು ಜನರಿಗೆ ಇಷ್ಟರಲ್ಲೇ ಮುಗಿಯುತ್ತದೆ. ಇದು ಷೆಡ್ಯೂಲ್ ಎಚ್ ಔಷಧಿ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಎಡವಟ್ಟಾಗುವುದು ಮಾತ್ರೆಯಿಂದಲ್ಲ, ಮಾತ್ರೆಗೆ ಮೊದಲು ಆಗಬೇಕಾದ ಎರಡು ಪರೀಕ್ಷೆ ತಪ್ಪಿಹೋಗುವುದರಿಂದ. ಗಂಡ ಕೌಂಟರಿನಲ್ಲಿ ಕಿಟ್ ಕೇಳುತ್ತಾನೆ, ಅಂಗಡಿಯವನು 'ಎಷ್ಟು ತಿಂಗಳು' ಎನ್ನುತ್ತಾನೆ, 'ಎರಡು' ಎಂದರೆ ಮುಗಿಯಿತು. ಮೊದಲನೆಯದಾಗಿ, ಗರ್ಭ ಕೋಶದೊಳಗೇ ಇದೆಯೇ ಎಂದು ಯಾರೂ ನೋಡಿರುವುದಿಲ್ಲ. ಅಂಡನಾಳದಲ್ಲಿ ಕಚ್ಚಿಕೊಂಡ ಗರ್ಭಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ಸ್ವಲ್ಪ ರಕ್ತ ಹೋದದ್ದು ಕಂಡು 'ಆಯಿತು' ಎಂದುಕೊಳ್ಳುತ್ತಾರೆ, ಅತ್ತ ನಾಳ ಬಿರಿದು ಹೊಟ್ಟೆಯೊಳಗೆ ರಕ್ತ ತುಂಬುತ್ತಿರುತ್ತದೆ. ಒಂದು ಪಕ್ಕದ ತೀವ್ರ ಹೊಟ್ಟೆನೋವು, ಹೆಗಲಿನ ನೋವು, ತಲೆಸುತ್ತಿ ಬೀಳುವುದು ಅದರ ಗುರುತು. ಎರಡನೆಯದು ರಕ್ತದ ಅಂಶ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ ಇರುವವಳಿಗೆ ಈ ಮಾತ್ರೆ ಮನೆಯ ಔಷಧಿಯಲ್ಲ.

ಸಾಧಾರಣ ರಕ್ತಸ್ರಾವ ಮುಟ್ಟಿಗಿಂತ ಜೋರಾಗಿಯೇ ಇರುತ್ತದೆ, ಗಟ್ಟಿ ತುಣುಕುಗಳೂ ಹೋಗುತ್ತವೆ. ಗಂಟೆಗೆ ಎರಡು ದಪ್ಪ ಪ್ಯಾಡ್ ತೊಯ್ದು, ಎರಡು ಗಂಟೆ ಹಾಗೆಯೇ ಮುಂದುವರಿದರೆ ತಡಮಾಡಬಾರದು. ಜ್ವರ, ವಾಸನೆಯ ಸ್ರಾವ, ಎರಡನೇ ಮಾತ್ರೆಯಾಗಿ 24 ಗಂಟೆ ಕಳೆದರೂ ರಕ್ತ ಕಾಣದಿರುವುದು, ಇವೂ ಅಷ್ಟೇ. ನಿಯಮದಲ್ಲಿ ಮಾತ್ರೆ ಕೊಡುವ ಕ್ಲಿನಿಕ್ಕಿಗೆ ಮಾನ್ಯತೆ ಪಡೆದ ಆಸ್ಪತ್ರೆಯ ಸಂಪರ್ಕ ಇರಬೇಕು ಎಂದಿರುವುದು ಈ ರಾತ್ರಿಗಳಿಗಾಗಿಯೇ. ಶರಾವತಿ ಹಿನ್ನೀರಿನ ತುಮರಿ ಕಡೆಯವರಿಗೆ 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಸಂಜೆ ಲಾಂಚ್ ನಿಂತರೆ ಸಾಗರದ ಆಸ್ಪತ್ರೆಗೆ ಹತ್ತಿರದ ದಾರಿಯೇ ಇರಲಿಲ್ಲ. ಆಗುಂಬೆ, ನಗರ ಹೋಬಳಿಗಳ ಒಂಟಿಮನೆಗಳಿಗೆ ಜುಲೈ ಮಳೆಯಲ್ಲಿ ಇವತ್ತಿಗೂ ಜೀಪು ಸಿಗುವುದೇ ಹೆಚ್ಚು. ಅಂಥ ಮನೆಯವರು ಎರಡನೇ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಳ್ಳುವುದು, ಸಾಧ್ಯವಾದರೆ ಆ ಎರಡು ದಿನ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿರುವುದು ಜಾಣತನ. 15ನೇ ದಿನ ಮತ್ತೆ ತೋರಿಸಿಕೊಳ್ಳಬೇಕು. ಮೂತ್ರ ಪರೀಕ್ಷೆಯ ಎರಡು ಗೆರೆ ಮೂರು-ನಾಲ್ಕು ವಾರ ಹಾಗೆಯೇ ಕಾಣಿಸಬಹುದು, ಅದನ್ನು ಕಂಡು ಇನ್ನೊಂದು ಕಿಟ್ ನುಂಗುವವರಿದ್ದಾರೆ. ನಾಟಿ ಔಷಧಿಯೆಂದು ಚಿತ್ರಮೂಲದ ಬೇರು, ಎಕ್ಕದ ಕಡ್ಡಿಗೆ ಹೋಗುವುದಂತೂ ಗರ್ಭಕೋಶಕ್ಕೆ ಸುಟ್ಟಗಾಯವನ್ನೂ ನಂಜನ್ನೂ ಬರಮಾಡಿಕೊಂಡ ಹಾಗೆ.

9 ದಾಟಿ 12 ವಾರದವರೆಗೆ ಆಸ್ಪತ್ರೆಯಲ್ಲಿ ನಿರ್ವಾತದಿಂದ ಎಳೆಯುವ ವಿಧಾನ ಸರಿಯಾದದ್ದು. 60 ಮಿಲಿಲೀಟರಿನ ಕೈ ಸಿರಿಂಜು, ಅದರ ತುದಿಗೆ ಪ್ಲಾಸ್ಟಿಕ್ ನಳಿಕೆ. ಹತ್ತು-ಹದಿನೈದು ನಿಮಿಷದ ಕೆಲಸ, ಸಂಜೆ ಮನೆಗೆ ಹೋಗಬಹುದು. ಜನ 'ಕ್ಲೀನ್ ಮಾಡಿಸುವುದು' ಎನ್ನುವ, ಲೋಹದ ಸೌಟಿನಿಂದ ಕೆರೆಯುವ ಹಳೇ ಡಿ ಅಂಡ್ ಸಿಯನ್ನು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಬಂದಿದೆ. ಅದರಲ್ಲಿ ಗರ್ಭಕೋಶ ತೂತಾಗುವ ಅಪಾಯ ಹೆಚ್ಚು. 12ರ ನಂತರ ಮತ್ತೆ ಮಾತ್ರೆಯೇ, ಆದರೆ ಆಸ್ಪತ್ರೆಯಲ್ಲಿ ದಾಖಲಾಗಿ, ಹೆರಿಗೆಯ ಹಾಗೆ ನೋವು ತಿಂದು.

ಎಲ್ಲಿ ಮಾಡಿಸಬೇಕು? ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ, ತರಬೇತಾದ ವೈದ್ಯರಿದ್ದರೆ ಸಾಕು. ಖಾಸಗಿಯವರಿಗೆ ಜಿಲ್ಲಾ ಸಮಿತಿ ಕೊಟ್ಟ 'ಫಾರಂ ಬಿ' ಪ್ರಮಾಣಪತ್ರ ಇರಬೇಕು, ಅದು ಬಂದವರಿಗೆ ಕಾಣುವ ಹಾಗೆ ಗೋಡೆಯ ಮೇಲಿರಬೇಕು. ಒಪ್ಪಿಗೆಗೆ 'ಫಾರಂ ಸಿ'. 18 ತುಂಬಿದವಳಾದರೆ ಅದರಲ್ಲಿ ಅವಳೊಬ್ಬಳ ಸಹಿ, ಅಷ್ಟೇ. 'ಯಜಮಾನರನ್ನು ಕರೆದುಕೊಂಡು ಬನ್ನಿ' ಎನ್ನುವುದು ಆಸ್ಪತ್ರೆಗಳು ಮುಂದಿನ ಗಲಾಟೆಗೆ ಹೆದರಿ ಹಾಕಿಕೊಂಡ ರೂಢಿ. ಗಂಡ ಶಿವಮೊಗ್ಗದಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುವವನಾದರೆ ಈ ಒಂದು ರೂಢಿಗೇ ವಾರ ಹೋಯಿತು.

ಗುಟ್ಟು ಉಳಿಯುತ್ತದೆಯೇ ಎಂಬುದು ಸಣ್ಣ ಊರಿನಲ್ಲಿ ಕಾನೂನಿಗಿಂತ ದೊಡ್ಡ ಪ್ರಶ್ನೆ. 2003ರ ನಿಯಮಾವಳಿ ಇದನ್ನು ಚೆನ್ನಾಗಿಯೇ ಯೋಚಿಸಿದೆ. ಹೆಸರು ಇರಬೇಕಾದದ್ದು ದಾಖಲಾತಿ ಪುಸ್ತಕದಲ್ಲಿ ಮಾತ್ರ, ಉಳಿದ ಕಡೆ ಕ್ರಮಸಂಖ್ಯೆ. ಒಪ್ಪಿಗೆ ಪತ್ರ ಮತ್ತು ವೈದ್ಯರ ಅಭಿಪ್ರಾಯವನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ, ಮೇಲೆ 'ರಹಸ್ಯ' ಎಂದು ಬರೆದು ಇಡಬೇಕು. ಗುರುತು ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು. ಆದರೆ ಲಕೋಟೆಗೆ ಹಾಕಿದ ಮೊಹರು ಕಾರಿಡಾರಿನಲ್ಲಿ ಎದುರಾಗುವ ಪರಿಚಯದ ಮುಖಕ್ಕೆ ಅನ್ವಯಿಸುವುದಿಲ್ಲ. ತೀರ್ಥಹಳ್ಳಿಯವರು ಮಣಿಪಾಲಕ್ಕೆ, ಸಾಗರದವರು ಶಿವಮೊಗ್ಗಕ್ಕೆ ಹೋಗುವುದು ಬರೀ ಒಳ್ಳೆಯ ಡಾಕ್ಟರಿಗಾಗಿ ಅಲ್ಲ.

ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ಎರಡು ಕಾನೂನು ಮುಖಾಮುಖಿಯಾಗುತ್ತವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ಇಲ್ಲದಿದ್ದರೆ ಅವರಿಗೇ ಶಿಕ್ಷೆ. ಪೊಲೀಸ್ ಎಂದ ಕೂಡಲೇ ಮನೆಯವರು ಹಿಂದೆ ಸರಿಯುತ್ತಾರೆ. 2022ರ ತೀರ್ಪು ಇದಕ್ಕೊಂದು ಹಾದಿ ಮಾಡಿದೆ: ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಆ ವರದಿಯಲ್ಲಿ ಅವಳ ಹೆಸರು, ಗುರುತು ಕೊಡಬೇಕಿಲ್ಲ. ಈ ಸಾಲು ಗೊತ್ತಿಲ್ಲದ ವೈದ್ಯರು ಇನ್ನೂ ಇರುವುದು ಬೇಸರದ ಸಂಗತಿ.

ಮತ್ತೊಂದು ಗೊಂದಲ ಇದಕ್ಕಿಂತ ದೊಡ್ಡದು. 2023ರ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ರಾಜ್ಯವೇ ಬೆಚ್ಚಿತು. ಬೆಚ್ಚಬೇಕಾದದ್ದೇ. ಆದರೆ ಅದು 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಅಪರಾಧ. ಅಲ್ಲಿ ತಪ್ಪು ಇರುವುದು ಲಿಂಗ ನೋಡಿ ಹೇಳುವುದರಲ್ಲಿ. ಇಂಥ ಪ್ರಕರಣದ ಬೆನ್ನಿಗೇ ಔಷಧಿ ಅಂಗಡಿಗಳ ಮೇಲೆ ಕಣ್ಣು ಬೀಳುತ್ತದೆ, ರಗಳೆ ಬೇಡವೆಂದು ಅಂಗಡಿಯವರು ಕಿಟ್ ತರಿಸುವುದನ್ನೇ ಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಸ್ಕ್ಯಾನಿಂಗ್‌ನಲ್ಲಿ ಲಿಂಗ ನಂಬುವಂತೆ ಕಾಣುವುದು 12-13 ವಾರದ ಮೇಲೆ. ಕಿಟ್ ಬಳಸುವುದು 9ರೊಳಗೆ. ಕಿಟ್ ಸಿಗದಂತೆ ಮಾಡಿದ ಮಾತ್ರಕ್ಕೆ ಹೆಣ್ಣುಮಗು ಉಳಿದುಬಿಡುವುದಿಲ್ಲ, ಬೇಡದ ಬಸಿರು ಹೊತ್ತವಳು 12ನೇ ವಾರಕ್ಕೆ ಜಾರುತ್ತಾಳೆ ಅಷ್ಟೇ.

ನೀತಿಯ ಪ್ರಶ್ನೆಗಳು ನಿಜಕ್ಕೂ ಬಿಗಿಯಾಗುವುದು 20 ವಾರದ ಆಚೆಗೆ. 6 ವಾರಕ್ಕೆ ಸ್ಕ್ಯಾನಿಂಗ್‌ನಲ್ಲಿ ಎದೆಬಡಿತ ಮಿನುಗುತ್ತದೆ, 18-20ಕ್ಕೆ ಕೂಸು ಹೊರಳುವುದು ತಾಯಿಗೆ ತಿಳಿಯುತ್ತದೆ, 24ರ ಸುಮಾರಿಗೆ ಹೊರಗೆ ಬಂದರೂ ಬದುಕುವ ಸಾಧ್ಯತೆ ಶುರುವಾಗುತ್ತದೆ. ಈ ಕೊನೆಯ ಗೆರೆ ಕೂಡ ಹತ್ತಿರದಲ್ಲಿ ಒಳ್ಳೆಯ ನವಜಾತ ಶಿಶು ಘಟಕ ಇದೆಯೇ ಎಂಬುದರ ಮೇಲೆ ನಿಂತಿದೆ. ಜೀವ ಮೊದಲ ದಿನದಿಂದಲೇ ಪವಿತ್ರ ಎನ್ನುವವರಿಗೆ ಈ ಯಾವ ಗೆರೆಯೂ ಒಪ್ಪಿಗೆಯಲ್ಲ. ಶಾಸ್ತ್ರ ಭ್ರೂಣಹತ್ಯೆಯನ್ನು ಮಹಾಪಾತಕದ ಸಾಲಿಗೆ ಸೇರಿಸಿದೆ, ಕ್ರೈಸ್ತ ಸಭೆಯ ನಿಲುವೂ ಕಟುವೇ. ಆ ನಂಬಿಕೆಯನ್ನು ಗೇಲಿ ಮಾಡಿ ಪ್ರಯೋಜನವಿಲ್ಲ. ಆದರೆ ಅದನ್ನು ಬೇರೊಬ್ಬಳ ದೇಹದ ಮೇಲೆ ದಂಡ ಸಂಹಿತೆಯಿಂದ ಹೇರಬಹುದೇ ಎಂಬುದು ಬೇರೆ ಪ್ರಶ್ನೆ.

2023ರ ಅಕ್ಟೋಬರಿನಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟನ್ನು ಒಂದೇ ವಾರದಲ್ಲಿ ಎರಡು ಹೋಳು ಮಾಡಿತು. ಇಬ್ಬರು ಮಕ್ಕಳ ತಾಯಿ, ಹಿಂದಿನ ಬಾಣಂತನದ ನಂತರ ಮಾನಸಿಕ ಕಾಯಿಲೆಗೆ ಚಿಕಿತ್ಸೆಯಲ್ಲಿದ್ದವಳು. ಹಾಲುಣಿಸುತ್ತಿದ್ದುದರಿಂದ ಮುಟ್ಟು ಬಂದಿರಲಿಲ್ಲ, ಬಸಿರೆಂದು ತಿಳಿದಾಗ 24 ದಾಟಿತ್ತು. 9ರಂದು ಕೋರ್ಟು ಅನುಮತಿ ಕೊಟ್ಟಿತು. ಮರುದಿನ ಏಮ್ಸ್ ವೈದ್ಯರು ಮಗು ಬದುಕುವ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಬೇಕೇ ಹೇಳಿ ಎಂದು ಕೇಳಿದರು. 11ರಂದು ಪೀಠ ಒಡೆಯಿತು. ಹೆಣ್ಣಿನ ನಿರ್ಧಾರವನ್ನು ಗೌರವಿಸಬೇಕು ಎಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ, ಅನುಮತಿ ಕೊಡಲಾರೆ ಎಂದು ನ್ಯಾಯಮೂರ್ತಿ ಹಿಮಾ ಕೊಹ್ಲಿ. 16ರಂದು ಮೂವರ ಪೀಠ ನಿರಾಕರಿಸಿತು: ಮಗುವಿಗೆ ನ್ಯೂನತೆ ಇಲ್ಲ, ತಾಯಿಯ ಪ್ರಾಣಕ್ಕೆ ತಕ್ಷಣದ ಅಪಾಯವಿಲ್ಲ. ವೈದ್ಯರ ಪ್ರಶ್ನೆ ಪ್ರಾಮಾಣಿಕವಾಗಿತ್ತು ಎಂದೇ ಹೇಳಬೇಕು. ಕಾನೂನು ಕಣ್ಣು ತಪ್ಪಿಸಿಕೊಂಡಿದ್ದ ಜಾಗವನ್ನು ಅದು ತೋರಿಸಿಕೊಟ್ಟಿತು.

ಅಂಗವಿಕಲರ ಹಕ್ಕಿನವರ ಆಕ್ಷೇಪ ಇನ್ನೊಂದು ಬಗೆಯದು. ಆರೋಗ್ಯವಂತ ಮಗುವಿಗೆ 24ರ ಗಡಿ, ನ್ಯೂನತೆ ಇದ್ದರೆ ಗಡಿಯೇ ಇಲ್ಲ. ಹಾಗಾದರೆ ಆ ಬದುಕಿನ ಬೆಲೆ ಕಡಿಮೆಯೇ? 'ಗಣನೀಯ ನ್ಯೂನತೆ' ಎಂದರೇನು ಎಂದು ಕಾಯ್ದೆ ಬಿಡಿಸಿ ಹೇಳಿಲ್ಲ, ಮಂಡಳಿಗಳಿಗೆ ಬಿಟ್ಟಿದೆ. ತಲೆಬುರುಡೆಯೇ ಬೆಳೆಯದ ಮಗುವಿನ ವಿಷಯದಲ್ಲಿ ಯಾರಿಗೂ ಗೊಂದಲವಿಲ್ಲ. ಡೌನ್ ಸಿಂಡ್ರೋಮಿನ ವಿಷಯದಲ್ಲಿ ಇದೆ, ಇರಬೇಕು.

ತೊಂದರೆಯೆಂದರೆ ಇಂಥ ನ್ಯೂನತೆಗಳು ಕಾಣುವುದೇ ತಡವಾಗಿ. ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ಮೂತ್ರಪಿಂಡ ವಿವರವಾಗಿ ನೋಡುವ ಸ್ಕ್ಯಾನಿಂಗ್ 18ರಿಂದ 20 ವಾರದ್ದು. ತಾಲ್ಲೂಕು ಕೇಂದ್ರದಲ್ಲಿ ಅನುಮಾನ ಬಂದರೆ ಶಿವಮೊಗ್ಗ, ಅಲ್ಲಿಂದ ಮಣಿಪಾಲವೋ ಬೆಂಗಳೂರೋ. ಪ್ರತಿ ಹಂತಕ್ಕೂ ಒಂದು ಅಪಾಯಿಂಟ್‌ಮೆಂಟ್. 22ಕ್ಕೆ ಮಾಡಿಸಿದರಾಯಿತು ಎಂದು ಮುಂದೂಡಿದವರು ನಿರ್ಧಾರಕ್ಕೆ ಬರುವಾಗ 25 ಆಗಿರುತ್ತದೆ. 18 ತುಂಬಿದ ಕೂಡಲೇ ಮಾಡಿಸುವುದೊಂದೇ ಇದಕ್ಕೆ ಪರಿಹಾರ.

ಮಂಡಳಿ ಒಪ್ಪದಿದ್ದರೆ, ಅಥವಾ ಕಾರಣ ನ್ಯೂನತೆಯಲ್ಲದೆ ಬೇರೆಯಾಗಿದ್ದರೆ, ಹೈಕೋರ್ಟಿಗೆ ರಿಟ್ ಅರ್ಜಿ. ಶಿವಮೊಗ್ಗ ಜಿಲ್ಲೆಯವರಿಗೆ ಅದು ಬೆಂಗಳೂರಿನ ಪೀಠ, ಗಡಿ ದಾಟಿದ ಸಿದ್ದಾಪುರದವರಿಗೆ ಧಾರವಾಡ. ವಕೀಲರ ಫೀಸಿಗೆ ಹೆದರಬೇಕಿಲ್ಲ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಕಚೇರಿಯನ್ನು ಜಿಲ್ಲಾ ನ್ಯಾಯಾಲಯದಲ್ಲಿ ಕೇಳಿದರೆ ತೋರಿಸುತ್ತಾರೆ. ಹೋಗುವಾಗ ತಾಯಿ ಕಾರ್ಡ್, ಎಲ್ಲ ಸ್ಕ್ಯಾನಿಂಗ್ ವರದಿ, ವೈದ್ಯರ ಚೀಟಿಗಳು ಕೈಯಲ್ಲಿರಲಿ. ಅವುಗಳಲ್ಲಿ ಜೋಪಾನ ಮಾಡಬೇಕಾದದ್ದು ಮೊದಲ ಮೂರು ತಿಂಗಳಲ್ಲಿ ತೆಗೆದ ಸ್ಕ್ಯಾನಿಂಗ್ ವರದಿ. ಆ ಹಂತದಲ್ಲಿ ಭ್ರೂಣದ ಉದ್ದ ಅಳೆದು ಹೇಳಿದ ವಾರ ಐದಾರು ದಿನಕ್ಕಿಂತ ಆಚೀಚೆ ಆಗುವುದು ಕಡಿಮೆ. ಅದು ಕಳೆದುಹೋಗಿ 24-25ರ ಸುಮಾರಿಗೆ ಹೊಸದಾಗಿ ಅಳೆದರೆ ಹತ್ತು ದಿನದಿಂದ ಎರಡು ವಾರದವರೆಗೂ ವ್ಯತ್ಯಾಸ ಬರಬಹುದು. ಮಿತಿಯೊಳಗಿದ್ದವಳು ಕಾಗದದ ಮೇಲೆ ಮಿತಿ ದಾಟಿದವಳಾಗುವುದು ಹೀಗೆ.